ನೆಲದಲ್ಲಿ ಗಟ್ಟಿ, ಮೇಲೇರಿದರೆ ಸೊರಗು: 55 ಸಿಸಿ ಏರೋಬ್ಯಾಟಿಕ್ ಮಾದರಿಯೊಂದರ ಎಂಜಿನ್ ಪ್ರಕರಣ

ದೂರು ಇಷ್ಟು. ಮಂಗಳೂರಿನ ಕಡಲ ಬದಿಯಲ್ಲಿ ಸಲೀಸಾಗಿ ಹಾರುತ್ತಿದ್ದ ದೊಡ್ಡ ಮಾದರಿ ವಿಮಾನ ಬೆಂಗಳೂರಿಗೆ ಬಂದ ಮೇಲೆ ಹಟ ಹಿಡಿಯಿತು. ನೆಲದ ಮೇಲೆ ಪೂರ್ತಿ ಥ್ರಾಟಲ್ ಕೊಟ್ಟರೆ ಟ್ಯಾಕೋಮೀಟರ್ ನಿಮಿಷಕ್ಕೆ 6,600 ಸುತ್ತು (ಆರ್‌ಪಿಎಂ) ತೋರಿಸುತ್ತದೆ. ಮಂಗಳೂರಿನಲ್ಲೂ ಅಷ್ಟೇ ಇತ್ತು. ಆದರೆ ಹಾರಿಸಿ ಐದಾರು ನಿಮಿಷವಾದ ಮೇಲೆ, ಅದರಲ್ಲೂ ಒಂದು ದೀರ್ಘ ಹೋವರ್ (ಮೂತಿ ಮೇಲೆ ಮಾಡಿ ಪ್ರೊಪೆಲ್ಲರಿನ ಎಳೆತದಲ್ಲೇ ಗಾಳಿಯಲ್ಲಿ ನಿಲ್ಲುವುದು) ಮುಗಿಸಿ ನೇರ ಮೇಲಕ್ಕೆ ಎಳೆದಾಗ, ಎಂಜಿನ್ ದನಿ ತೆಳ್ಳಗಾಗಿ ಮೂರು ನಾಲ್ಕು ಸೆಕೆಂಡಿನಲ್ಲಿ ಬಲ ಇಳಿಯುತ್ತದೆ. ಒಮ್ಮೆ ತುದಿಗೆ ಹೋಗಿ ನಿಂತೇಬಿಟ್ಟಿತು. ಇಳಿಸಿ ಹತ್ತು ನಿಮಿಷ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಎರಡೇ ಬೀಸಿಗೆ ಸ್ಟಾರ್ಟ್.

ವಿಮಾನ ಎಕ್ಸ್‌ಟ್ರಾ 300 ಮಾದರಿಯದು. ರೆಕ್ಕೆ ತುದಿಯಿಂದ ತುದಿಗೆ 2.23 ಮೀಟರ್, ಇಂಧನವಿಲ್ಲದೆ ತೂಕ 7.8 ಕಿಲೋ. ಎಂಜಿನ್ ಒಂದೇ ಸಿಲಿಂಡರಿನ 55 ಸಿಸಿ ಟೂ ಸ್ಟ್ರೋಕ್, ಸಿಲಿಂಡರ್ ಕೆಳಮುಖ. ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ (ಕಾರ್ಬ್) ಹಿಂಬದಿಯಲ್ಲಿದ್ದು, ರೀಡ್ ವಾಲ್ವ್ ಮೂಲಕ ಕ್ರ್ಯಾಂಕ್‌ಕೇಸಿಗೆ ಸೇರುತ್ತದೆ. ಅದರ ಬಾಯಿ ಎಂಜಿನ್ ಕೂರುವ ಗೋಡೆಯಾದ ಫೈರ್‌ವಾಲಿನಲ್ಲಿ ಕೊರೆದ ತೂತಿನ ಮೂಲಕ ಒಡಲಿನೊಳಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. 23x8 ಅಳತೆಯ (ವ್ಯಾಸ 23 ಇಂಚು, ಪಿಚ್ 8 ಇಂಚು) ಮರದ ಪ್ರೊಪೆಲ್ಲರ್, ಎಂಜಿನ್ ಮುಚ್ಚುವ ಹೊದಿಕೆಯಾದ ಕೌಲಿನೊಳಗೇ ಕೂರುವ ಪಿಟ್ಸ್ ಮಫ್ಲರ್. ಈ ಗಾತ್ರದಲ್ಲಿ ಇದಕ್ಕಿಂತ ಸಾಮಾನ್ಯವಾದ ಜೋಡಣೆ ಸಿಗುವುದು ಕಷ್ಟ. ಪ್ರಕರಣವನ್ನು ಪೂರ್ತಿ ಬರೆದಿಡಲು ಅದೂ ಒಂದು ಕಾರಣ.

ವಿಮಾನ ರಿಪೇರಿಗೆ ಬರುವ ಮುಂಚೆ ಏನೇನು ಬದಲಾಗಿತ್ತು ಎಂಬುದನ್ನು ಮೊದಲು ಬರೆದುಕೊಂಡದ್ದು ಒಳ್ಳೆಯದಾಯಿತು. ಬೆಂಗಳೂರಿಗೆ ಬಂದ ಮೊದಲ ವಾರ, ವೇಗವಾಗಿ ಮಟ್ಟಸವಾಗಿ ಹಾರುವಾಗ ಅರ್ಧ ಥ್ರಾಟಲಿನಲ್ಲಿ ಎಂಜಿನ್ ಬುಳುಬುಳು ಎನ್ನುತ್ತಿತ್ತು. ಅಂದರೆ ಮಿಶ್ರಣ ರಿಚ್, ಪೆಟ್ರೋಲ್ ಹೆಚ್ಚು. ಅದನ್ನು ಹೋಗಲಾಡಿಸಲು ಕಾರ್ಬಿನಲ್ಲಿ ಪೆಟ್ರೋಲ್ ಹೆಚ್ಚುಕಡಿಮೆ ಮಾಡುವ ತಿರುಪುಗಳಲ್ಲಿ ಕಡಿಮೆ ಥ್ರಾಟಲಿನದಾದ ಎಲ್ ನೀಡಲನ್ನು ಕಾಲು ಸುತ್ತು, ಹೆಚ್ಚು ಥ್ರಾಟಲಿನದಾದ ಎಚ್ ನೀಡಲನ್ನು ಸುಮಾರು ಅರೆಕಾಲು ಸುತ್ತು ಒಳಗೆ ತಿರುಗಿಸಲಾಗಿತ್ತು. ಬುಳುಬುಳು ಹೋಯಿತು. ಸೊರಗುವುದು ಶುರುವಾದದ್ದು ಅದಾದ ಮೇಲೆ. ಆಗ ಎಚ್ ಅನ್ನು ಮತ್ತೆ ಹೊರಗೆ ತಿರುಗಿಸಿದರು, ಬುಳುಬುಳು ವಾಪಸ್ ಬಂತು. ಒಳಗೆ ತಿರುಗಿಸಿದರು, ಸೊರಗು ವಾಪಸ್ ಬಂತು. ಎರಡೂ ಕಾಟವಿಲ್ಲದ ಜಾಗ ನೀಡಲಿನಲ್ಲಿ ಎಲ್ಲೂ ಸಿಗಲಿಲ್ಲ. ಎಂಜಿನ್ ಗಾಳಿಯಲ್ಲಿ ಒಂದು ಕಡೆ ರಿಚ್, ಇನ್ನೊಂದು ಕಡೆ ಲೀನ್ (ಪೆಟ್ರೋಲ್ ಕಡಿಮೆ) ಆಗುತ್ತಿದ್ದರೆ ರೋಗ ನೀಡಲಿನದ್ದಲ್ಲ. ಮೈದಾನದಲ್ಲಿ ಹತ್ತರಲ್ಲಿ ಎಂಟು ಮಂದಿ ಆಗಲೂ ಸ್ಕ್ರೂಡ್ರೈವರನ್ನೇ ಹುಡುಕುತ್ತಾರೆ.

ಟ್ಯಾಕೋಮೀಟರ್ ಏಕೆ ಸುಳ್ಳು ಸಮಾಧಾನ ಕೊಟ್ಟಿತು

ಬೆಂಗಳೂರು ಕಡಲಿಗಿಂತ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ವಾಯುಭಾರ ಸರಾಸರಿ 910 ಹೆಕ್ಟೊಪ್ಯಾಸ್ಕಲ್ ಆಸುಪಾಸು. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಇದ್ದಾಗ ಒಂದು ಘನ ಮೀಟರ್ ಗಾಳಿಯ ತೂಕ 1.03 ಕಿಲೋ. ಮಂಗಳೂರಿನಲ್ಲಿ 32 ಡಿಗ್ರಿಯಲ್ಲಿ ಅದು 1.15 ಕಿಲೋ. ಗಾಳಿ ಶೇ. 10ರಷ್ಟು ತೆಳು. ಎಂಜಿನ್ ಉಸಿರಾಡುವ ಗಾಳಿ ಅಷ್ಟು ಕಡಿಮೆಯಾದರೆ ಬಲವೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ.

ಆದರೂ ಆರ್‌ಪಿಎಂ ಇಳಿಯಲಿಲ್ಲ, ಏಕೆಂದರೆ ಪ್ರೊಪೆಲ್ಲರ್ ಕಡೆಯುವುದೂ ಅದೇ ತೆಳು ಗಾಳಿಯನ್ನು. ಎಂಜಿನ್ ಬಲ ಶೇ. 10 ಇಳಿದರೆ ಪ್ರೊಪೆಲ್ಲರಿನ ಹೊರೆಯೂ ಶೇ. 10 ಇಳಿಯುತ್ತದೆ, ಎರಡೂ ಸರಿದೂಗಿ ಮುಳ್ಳು ಇದ್ದಲ್ಲೇ ಇರುತ್ತದೆ. ಇಳಿಯುವುದು ಎಳೆತ. ಬಾಲಕ್ಕೆ ತೂಕದ ಕೊಕ್ಕೆ ಕಟ್ಟಿ ಅಳೆದಾಗ ಸಿಕ್ಕದ್ದು 11.4 ಕಿಲೋ. ಅದೇ ಆರ್‌ಪಿಎಂ ಕಡಲ ಮಟ್ಟದಲ್ಲಿ ಲೆಕ್ಕಕ್ಕೆ 12.7 ಕೊಡುತ್ತದೆ. ಎಳೆತ ಮತ್ತು ತೂಕದ ಅನುಪಾತ 1.6 ಇದ್ದದ್ದು 1.5ಕ್ಕೆ ಹತ್ತಿರ ಬಂತು, ಟ್ಯಾಂಕ್ ತುಂಬಿದರೆ ಇನ್ನೂ ಸ್ವಲ್ಪ ಕೆಳಗೆ. ಹೋವರಿನಿಂದ ಹೊರಡುವಾಗ ವಿಮಾನ ಮೈಭಾರ ಅನ್ನಿಸಿದ್ದಕ್ಕೆ ಇದೊಂದೇ ಸಾಕು. ಈ ಪಾಲು ರೋಗವಲ್ಲ, ಊರಿನ ಗುಣ. ಯಾವ ಟ್ಯೂನಿಂಗೂ ಅದನ್ನು ವಾಪಸ್ ತರುವುದಿಲ್ಲ. ಇದನ್ನು ಮೊದಲೇ ಬೇರೆ ಇಡದಿದ್ದರೆ ಮುಂದಿನ ತನಿಖೆಯೆಲ್ಲ ಇದರ ಬೆನ್ನು ಹತ್ತಿ ಹಾಳಾಗುತ್ತಿತ್ತು.

ಎತ್ತರ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಗಾಳಿಯ ತೂಕ ಶೇ. 10 ಇಳಿದರೂ ಕಾರ್ಬ್ ಎಳೆಯುವ ಪೆಟ್ರೋಲ್ ಇಳಿಯುವುದು ಅದರ ಅರ್ಧದಷ್ಟು ಮಾತ್ರ. ಹಾಗಾಗಿ ಕಡಲ ಮಟ್ಟದ ಸೆಟ್ಟಿಂಗ್ ಬೆಂಗಳೂರಿನಲ್ಲಿ ಶೇ. 5–6ರಷ್ಟು ರಿಚ್. ಮಂಗಳೂರಿನಲ್ಲಿ ಕಿವಿಗೆ ಬೀಳದಷ್ಟಿದ್ದ ಬುಳುಬುಳು ಇಲ್ಲಿ ಎದ್ದು ಕಾಣಿಸಿತು. ಇದಕ್ಕೆ ಎದುರಾಗಿ ಎಳೆಯುವುದು ಈಗಿನ ಪೆಟ್ರೋಲ್. ಶೇ. 10 ಎಥನಾಲ್ ಇದ್ದ ಪೆಟ್ರೋಲ್ ಸುಡಲು ತೂಕದ ಲೆಕ್ಕದಲ್ಲಿ ಸುಮಾರು 14.1 ಪಾಲು ಗಾಳಿ ಬೇಕು, ಶೇ. 20 ಎಥನಾಲ್ ಇದ್ದದ್ದಕ್ಕೆ 13.5 ಸಾಕು. ನೀಡಲ್ ಮುಟ್ಟದೆ ಇ10ರಿಂದ ಇ20ಗೆ ಬದಲಾದರೆ ಮಿಶ್ರಣ ಶೇ. 4ರಷ್ಟು ಲೀನ್. ಎರಡೂ ಸೇರಿ ಅರ್ಧಂಬರ್ಧ ಸರಿದೂಗುವುದರಿಂದ ಇವೆರಡನ್ನು ಅಪರಾಧಿ ಎನ್ನಲಾಗದು. ಆದರೆ ಬೇರೆ ಬೇರೆ ಬಂಕಿನಿಂದ, ಬೇರೆ ಬೇರೆ ಕ್ಯಾನಿನಿಂದ ಸುರಿದುಕೊಂಡು ಪರೀಕ್ಷೆ ಮಾಡಿದರೆ ಫಲಿತಾಂಶಕ್ಕೆ ಅರ್ಥವಿರುವುದಿಲ್ಲ. ಪರೀಕ್ಷೆಯೆಲ್ಲ ಮುಗಿಯುವವರೆಗೆ ಒಂದೇ ಕ್ಯಾನ್: 5 ಲೀಟರ್ ಇ20 ಪೆಟ್ರೋಲಿಗೆ 156 ಮಿ.ಲೀ. ಸಿಂಥೆಟಿಕ್ ಟೂ ಸ್ಟ್ರೋಕ್ ಆಯಿಲ್, ಅಂದರೆ 32ಕ್ಕೆ 1.

ಮೊದಲು ತಳ್ಳಿಹಾಕಿದ್ದು

ಇಗ್ನಿಷನ್ ಮೇಲೆ ಎಲ್ಲರಿಗೂ ಮೊದಲ ಅನುಮಾನ. ಬಿಸಿಯಾದಾಗ ಕೈಕೊಟ್ಟು ತಣಿದಾಗ ಸರಿಹೋಗುವ, ಕಿಡಿಯ ಹೊತ್ತು ತಿಳಿಸುವ ಹಾಲ್ ಸೆನ್ಸರ್ ಇದ್ದೇ ಇರುತ್ತದೆ. ಆದರೆ ಕಿಡಿ ತಪ್ಪಿದರೆ ಎಂಜಿನ್ ಕತ್ತರಿಸಿದ ಹಾಗೆ ನಿಲ್ಲುತ್ತದೆ, ಇಲ್ಲವೇ ಟಪ್ ಟಪ್ ಎಂದು ಬಿಟ್ಟುಬಿಟ್ಟು ಹೊಡೆಯುತ್ತದೆ. ಇಲ್ಲಿ ದನಿ ಮೊದಲು ತೆಳ್ಳಗೆ ಮೊನಚಾಗಿ, ಆಮೇಲೆ ನಿಧಾನವಾಗಿ ಇಳಿಯುತ್ತಿತ್ತು. ಅದು ಇಂಧನ ಸಾಲದ ದನಿ. ಆದರೂ ಬ್ಯಾಟರಿಯ ವೋಲ್ಟೇಜನ್ನು ಎಂಜಿನ್ ಓಡುತ್ತಿರುವಾಗಲೇ ನೋಡಲಾಯಿತು, ಪ್ಲಗ್ ಅಂತರ 0.45 ಮಿ.ಮೀ.ಗೆ ಸರಿಪಡಿಸಲಾಯಿತು, ಕ್ಯಾಪ್ ಪ್ಲಗ್ಗಿನ ಮೇಲೆ ಅಲ್ಲಾಡದೆ ಕೂತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲಾಯಿತು. ತಪ್ಪೇನೂ ಇಲ್ಲ.

ಇಂಧನದ ದಾರಿಯಲ್ಲಿ ಒಂದು ಸಣ್ಣ ದೋಷ ಸಿಕ್ಕಿತು. ಟ್ಯಾಂಕಿನೊಳಗೆ ಕ್ಲಂಕ್ (ಪೆಟ್ರೋಲ್ ಹೀರುವ ಭಾರದ ತುದಿ) ತೂಗಾಡುವ ಮೃದು ಕೊಳವೆ ಗಡಸಾಗಿತ್ತು. ಮೂತಿ ಮೇಲಾದಾಗ ಕ್ಲಂಕ್ ಟ್ಯಾಂಕಿನ ಹಿಂದಿನ ತಳಕ್ಕೆ ಹೇಗೂ ಬೀಳುತ್ತದೆ, ಹಾಗಾಗಿ ಈ ದೂರಿಗೆ ಇದು ಕಾರಣವಲ್ಲ. ತಲೆಕೆಳಗಾಗಿ ಹಾರುವಾಗ ಮಾತ್ರ ಇದು ಕೆಟ್ಟದ್ದು. ಕೊಳವೆ ಬದಲಾಯಿಸಿ, ಟ್ಯಾಂಕಿನಿಂದ ಕಾರ್ಬಿನವರೆಗಿನ ಪೈಪನ್ನು ಪಾರದರ್ಶಕವಾದದ್ದಕ್ಕೆ ಬದಲಿಸಲಾಯಿತು. ತಣ್ಣಗಿರುವ ಎಂಜಿನ್ ಓಡಿಸಿದಾಗ ಗುಳ್ಳೆ ಇಲ್ಲ. ಬಿಸಿ ಎಂಜಿನಿನಲ್ಲಿ ಕಾರ್ಬಿಗೆ ಹತ್ತಿರದ ಎರಡು ಇಂಚಿನಲ್ಲಿ ಸಣ್ಣ ಗುಳ್ಳೆಗಳ ಸಾಲು. ಟ್ಯಾಂಕಿನ ಕಡೆಯಿಂದ ಗುಳ್ಳೆ ಬಂದರೆ ಎಲ್ಲೋ ಸೋರಿಕೆ. ಕಾರ್ಬ್ ಕಡೆ ಹುಟ್ಟಿದರೆ ಶಾಖ. ಇದು ಮೊದಲ ನಿಜವಾದ ಸುಳಿವು.

ಕಾರ್ಬ್ ಮತ್ತು ರೀಡ್ ಬ್ಲಾಕಿನ ನಡುವಿನ ಗ್ಯಾಸ್ಕೆಟ್ ಸುತ್ತ ಐಡಲಿನಲ್ಲಿ (ಅತಿ ನಿಧಾನ ಓಟದಲ್ಲಿ) ಕಾರ್ಬ್ ಕ್ಲೀನರ್ ಚಿಮುಕಿಸಿದರೆ ಆರ್‌ಪಿಎಂ ಅಲ್ಲಾಡಲಿಲ್ಲ. ಗಾಳಿ ಸೋರಿಕೆ ಇಲ್ಲ. ಪಂಪ್ ಕಡೆಯ ಮುಚ್ಚಳದೊಳಗಿನ ಪುಟ್ಟ ಜಾಲರಿಯಲ್ಲಿ ಕಸವಿಲ್ಲ. ಪೆಟ್ರೋಲನ್ನು ಅಳೆದು ಬಿಡುವ ತೆಳು ಪರದೆಯಾದ ಮೀಟರಿಂಗ್ ಡಯಾಫ್ರಂ ಬೆರಳಿನಲ್ಲಿ ಒತ್ತಿದರೆ ಪಟಪಟ ಸದ್ದು ಮಾಡುವಷ್ಟು ಸೆಟೆದಿತ್ತು. ಎಥನಾಲ್ ಕುಡಿದು, ಒಣಗಿ, ಮತ್ತೆ ಕುಡಿದ ಡಯಾಫ್ರಂ ಹೀಗಾಗುತ್ತದೆ. ಕಿಟ್ ಹಾಕಿ ಎರಡೂ ಡಯಾಫ್ರಂ ಹೊಸದು ಮಾಡಿ, ಡಯಾಫ್ರಂ ಒತ್ತಿದಾಗ ಪೆಟ್ರೋಲ್ ಬಿಡುವ ಲಿವರಿನ ಎತ್ತರವನ್ನು ಆ ಕಾರ್ಬಿಗೆ ಹೇಳಿದ ಗೇಜಿನಿಂದಲೇ ನೋಡಲಾಯಿತು. ಕಣ್ಣಂದಾಜು ಇಲ್ಲಿ ಬೇಡ. ಲಿವರ್ ಕೂದಲೆಳೆಯಷ್ಟು ಕೆಳಗಿದ್ದರೂ ಪೂರ್ತಿ ಥ್ರಾಟಲಿನಲ್ಲಿ ಇಂಧನ ಸಾಲದು. ಇಷ್ಟು ಮಾಡಿ ಹಾರಿಸಿದಾಗ ಐಡಲ್ ಹಿಂದಿಗಿಂತ ಸ್ಥಿರವಾಗಿತ್ತು. ಸೊರಗು ಮಾತ್ರ ಹಾಗೇ ಇತ್ತು.

ಮಫ್ಲರ್ ಬಿಚ್ಚಿ ಎಗ್ಸಾಸ್ಟ್ ಪೋರ್ಟಿನಿಂದ ಇಣುಕಿದರೆ ಪಿಸ್ಟನ್ನಿನ ಮೇಲೆ ಉದ್ದುದ್ದ ತೆಳು ಗೀರು. ರಿಂಗ್ ಇನ್ನೂ ಸಡಿಲವಾಗಿ ಆಡುತ್ತಿತ್ತು, ಕಂಪ್ರೆಷನ್ ಚೆನ್ನಾಗಿತ್ತು. ಲೀನಾಗಿ ಕಾದ ಎಂಜಿನ್ ಮೊದಲು ಗುರುತು ಬಿಡುವುದು ಇಲ್ಲೇ, ಎಗ್ಸಾಸ್ಟ್ ಬದಿಯಲ್ಲಿ. ಈಗಿನ ಆಯಿಲ್ ಮತ್ತು ಎಥನಾಲ್ ಪೆಟ್ರೋಲಿನ ಕಾಲದಲ್ಲಿ ಪ್ಲಗ್ ಬಣ್ಣಕ್ಕಿಂತ ಈ ಗೀರನ್ನು ನಂಬುವುದು ಲೇಸು. ಇನ್ನು ಹತ್ತಿಪ್ಪತ್ತು ಹಾರಾಟ ಹಾಗೇ ಮುಂದುವರಿದಿದ್ದರೆ ಸಿಲಿಂಡರ್ ಹೋಗುತ್ತಿತ್ತು.

ಕೌಲಿನೊಳಗಿನ ಒತ್ತಡ

ಈಗ ಕೌಲಿನ ಸರದಿ. ಮುಂದಿನ ಎರಡು ಕೆನ್ನೆಗಳ ತೂತು ಸೇರಿ 96 ಚದರ ಸೆಂ.ಮೀ.; ಹಿಂದೆ ಕೆಳಗೆ ಗಾಳಿ ಹೊರಹೋಗುವ ಕಿಂಡಿ 110. ಒಳಬರುವ ದಾರಿಯ ಎರಡೂವರೆ ಮೂರು ಪಟ್ಟಾದರೂ ಹೊರಹೋಗುವ ದಾರಿ ಇರಬೇಕು ಎಂಬುದು ಈ ಗಾತ್ರದ ಎಂಜಿನುಗಳಿಗೆ ರೂಢಿಯ ಲೆಕ್ಕ. ಕಾದ ಗಾಳಿ ಹಿಗ್ಗುತ್ತದೆ. ಸಾಲದ್ದಕ್ಕೆ ಕಿಂಡಿಯ ಅರ್ಧವನ್ನು ಮಫ್ಲರಿನ ನಳಿಗೆಗಳೇ ಆಕ್ರಮಿಸಿದ್ದವು. ಗಾಳಿಗೆ ದಾರಿ ತೋರುವ ಅಡ್ಡಗೋಡೆ, ಅಂದರೆ ಬ್ಯಾಫಲ್, ಒಂದೂ ಇರಲಿಲ್ಲ. ಒಳಬಂದ ಗಾಳಿಯಲ್ಲಿ ಹೆಚ್ಚಿನದು ಸಿಲಿಂಡರಿನ ಶಾಖ ಬಿಡುವ ರೆಕ್ಕೆಗಳನ್ನು ಮುಟ್ಟದೆ ಕ್ರ್ಯಾಂಕ್‌ಕೇಸಿನ ಅಕ್ಕಪಕ್ಕ ಹಾಯ್ದು ಕೌಲಿನಲ್ಲಿ ತುಂಬಿಕೊಳ್ಳುತ್ತಿತ್ತು. ಕೌಲ್ ಗಾಳಿ ಹಾಯುವ ಓಣಿಯಾಗಬೇಕಿತ್ತು, ಊದಿಕೊಂಡ ಚೀಲವಾಗಿತ್ತು.

ಚೀಲದೊಳಗಿನ ಒತ್ತಡ ಕೂಲಿಂಗನ್ನಷ್ಟೇ ಕೆಡಿಸುವುದಿಲ್ಲ. ಡಯಾಫ್ರಂ ಕಾರ್ಬಿನ ಮೀಟರಿಂಗ್ ಮುಚ್ಚಳದ ನಡುವೆ ಒಂದು ಸಣ್ಣ ತೂತಿರುತ್ತದೆ, ಸೂಜಿಯ ಮೊನೆಯಷ್ಟು. ಡಯಾಫ್ರಂನ ಒಣ ಬದಿಗೆ ಹೊರಗಿನ ವಾಯುಭಾರ ತಿಳಿಯುವುದು ಆ ತೂತಿನಿಂದ. ಇನ್ನೊಂದು ಬದಿಯ ಇಂಧನವನ್ನು ಕಾರ್ಬಿನ ಕಿರಿದಾದ ಕತ್ತಾದ ವೆಂಚುರಿ ಹೀರಿದಾಗ ಡಯಾಫ್ರಂ ಒಳಗೆ ಬಾಗಿ ಲಿವರ್ ಒತ್ತುತ್ತದೆ, ಪೆಟ್ರೋಲ್ ಬರುತ್ತದೆ. ತೂತಿನ ಬಳಿ ಒತ್ತಡ ಏರಿದರೆ ಡಯಾಫ್ರಂ ಹೆಚ್ಚು ಬಾಗುತ್ತದೆ, ಮಿಶ್ರಣ ರಿಚ್, ಇಳಿದರೆ ಲೀನ್. ಕಾರ್ಬಿನ ಬಾಯಿಯೂ ಆ ತೂತೂ ಒಂದೇ ಗಾಳಿಯಲ್ಲಿದ್ದರೆ ಎರಡೂ ಒಟ್ಟಿಗೆ ಏರಿಳಿದು ಏನೂ ಆಗುವುದಿಲ್ಲ. ಈ ವಿಮಾನದಲ್ಲಿ ಬಾಯಿ ಒಡಲಿನ ಗಾಳಿ ಕುಡಿಯುತ್ತಿತ್ತು, ತೂತು ಕೌಲಿನ ಗಾಳಿಯನ್ನು ನೋಡುತ್ತಿತ್ತು.

ಎಷ್ಟು ವ್ಯತ್ಯಾಸ ಎಂದು ಅಳೆಯುವುದು ಕಷ್ಟವಲ್ಲ. ಹಾರುವಾಗಿನ ಅಂಕಿಗಳನ್ನು ನೆಲಕ್ಕೆ ಕಳಿಸುವ ಟೆಲಿಮೆಟ್ರಿಗೆ ಸಿಗುವ ಏರ್‌ಸ್ಪೀಡ್ ಸೆನ್ಸರ್ ಅಸಲಿಗೆ ಎರಡು ಒತ್ತಡಗಳ ವ್ಯತ್ಯಾಸ ಅಳೆಯುವ ಸಾಧನವೇ. ಗಾಳಿಗೆ ಎದುರಾಗಿ ಹಿಡಿಯುವ ಅದರ ಪಿಟೋ ನಳಿಗೆ ಬಿಚ್ಚಿ, ಒಂದು ಕೊಳವೆಯ ತುದಿಯನ್ನು ಮೀಟರಿಂಗ್ ಮುಚ್ಚಳದ ಪಕ್ಕ, ಇನ್ನೊಂದನ್ನು ಒಡಲಿನೊಳಗೆ ಕಟ್ಟಲಾಯಿತು. ಸೆನ್ಸರ್ ವೇಗದ ಅಂಕಿ ತೋರಿಸುತ್ತದೆ. ಸೆಕೆಂಡಿಗೆ ಮೀಟರಿನಲ್ಲಿರುವ ಆ ಅಂಕಿಯನ್ನು ಅದರಿಂದಲೇ ಗುಣಿಸಿ 0.6ರಿಂದ ಗುಣಿಸಿದರೆ ಒತ್ತಡ ಪ್ಯಾಸ್ಕಲಿನಲ್ಲಿ ಸಿಗುತ್ತದೆ. ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಮಟ್ಟಸವಾಗಿ ಹಾರುವಾಗ ಕೌಲಿನ ಒತ್ತಡ ಒಡಲಿಗಿಂತ 200 ಪ್ಯಾಸ್ಕಲ್ ಹೆಚ್ಚು, ಅಂದರೆ 20 ಮಿ.ಮೀ. ನೀರಿನಷ್ಟು. ಹೋವರಿನಲ್ಲಿ ನಿಂತಾಗ 40. ಅಂಕಿ ಸಣ್ಣದೆನ್ನಿಸಬಹುದು. ಆದರೆ ಅರ್ಧ ಥ್ರಾಟಲಿನಲ್ಲಿ ಡಯಾಫ್ರಂ ಕೆಲಸ ಮಾಡುವ ಹೀರಿಕೆಯೇ ಅಷ್ಟು ನವಿರಾದದ್ದು. ಅದಕ್ಕೆ ಇದು ದೊಡ್ಡ ತಳ್ಳು.

ಈಗ ಕೊಂಡಿಗಳು ಕೂಡಿದವು. ವೇಗದ ಹಾರಾಟದಲ್ಲಿ ಕೌಲಿನ ಒತ್ತಡ ಮಿಶ್ರಣವನ್ನು ರಿಚ್ ಮಾಡುತ್ತಿತ್ತು. ಬೆಂಗಳೂರಿನ ತೆಳು ಗಾಳಿ ಅದಕ್ಕೆ ಇನ್ನಷ್ಟು ಸೇರಿಸಿ ಬುಳುಬುಳು ಎಬ್ಬಿಸಿತು. ಅದನ್ನು ಕೇಳಿ ನೀಡಲ್ ಮುಚ್ಚಿದರು. ವಿಮಾನ ಹೋವರಿಗೆ ನಿಂತರೆ ಅಥವಾ ಮೇಲೇರುತ್ತ ವೇಗ ಕಳೆದುಕೊಂಡರೆ ಆ ಒತ್ತಡ ಮಾಯ. ಉಳಿಯುವುದು ಬರೀ ಮುಚ್ಚಿದ ನೀಡಲ್. ಎಂಜಿನ್ ಲೀನಾಗುತ್ತದೆ, ಅದೂ ಗಾಳಿ ಅತಿ ಕಡಿಮೆ ಹಾಯುವ ಹೊತ್ತಿನಲ್ಲಿ. ಹೋವರಿನಲ್ಲಿ ಕೌಲಿಗೆ ಸಿಗುವುದು ಪ್ರೊಪೆಲ್ಲರಿನ ನಡುಭಾಗದ ಬಡ ಗಾಳಿ ಮಾತ್ರ. ಸಿಲಿಂಡರಿನ ತಲೆ ಕಾಯುತ್ತದೆ, ಆ ಶಾಖ ಕಾರ್ಬಿಗೆ ಹರಿಯುತ್ತದೆ, ಪೆಟ್ರೋಲಿನ ಹಗುರ ಅಂಶಗಳು ಕುದಿಯತೊಡಗುತ್ತವೆ. 910 ಹೆಕ್ಟೊಪ್ಯಾಸ್ಕಲಿನಲ್ಲಿ ಅವು ಕಡಲ ಮಟ್ಟಕ್ಕಿಂತ ಸುಮಾರು 3 ಡಿಗ್ರಿ ಮೊದಲೇ ಕುದಿಯುತ್ತವೆ. ಪೈಪಿನಲ್ಲಿ ಕಂಡ ಗುಳ್ಳೆಗಳು ಅವೇ. ಆ ಸ್ಥಿತಿಯಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಮೇಲಕ್ಕೆ ಎಳೆದರೆ ಎಂಜಿನ್ ಸೊರಗದೆ ಇನ್ನೇನು ಮಾಡೀತು?

ಸರಿಪಡಿಸಿದ ಕ್ರಮ

ಕ್ರಮ ಮುಖ್ಯ. ಮೊದಲು ಕಿಂಡಿ ದೊಡ್ಡದು ಮಾಡಿ ಮೀಟರಿಂಗ್ ಮುಚ್ಚಳದ ತೂತನ್ನು ಹಾಗೇ ಬಿಟ್ಟರೆ ಕೌಲಿನ ಒತ್ತಡ ಒಡಲಿಗಿಂತ ಕೆಳಗಿಳಿಯುತ್ತದೆ. ಆಗ ನಿನ್ನೆಯವರೆಗೆ ವೇಗದಲ್ಲಿ ರಿಚ್ ಆಗುತ್ತಿದ್ದ ಎಂಜಿನ್ ಇವತ್ತು ವೇಗದಲ್ಲೇ ಲೀನ್ ಆಗುತ್ತದೆ, ಪೂರ್ತಿ ಥ್ರಾಟಲಿನ ಡೈವಿನಲ್ಲಿ. ಕೂಲಿಂಗ್ ಸುಧಾರಿಸಲು ಹೋಗಿ ಪಿಸ್ಟನ್ ಸುಟ್ಟುಕೊಂಡವರು ಎಡವುವುದು ಇಲ್ಲಿ. ಹಾಗಾಗಿ ತೂತು ಮೊದಲು.

ಮೀಟರಿಂಗ್ ಮುಚ್ಚಳವನ್ನು ಕಾರ್ಬಿನಿಂದ ಬಿಚ್ಚಿ, ಡಯಾಫ್ರಂ ಮತ್ತು ಗ್ಯಾಸ್ಕೆಟನ್ನು ದೂರ ಇಟ್ಟು, ತೂತಿನ ಮೇಲೆ 3 ಮಿ.ಮೀ. ಹಿತ್ತಾಳೆ ನಳಿಗೆಯ 12 ಮಿ.ಮೀ. ತುಂಡನ್ನು ನಿಲ್ಲಿಸಿ ಬೆಸುಗೆ ಹಾಕಲಾಯಿತು. ಬೆಸುಗೆಯ ಸೀಸ ತೂತಿಗೆ ಹರಿಯದಂತೆ ಒಂದು ಹಲ್ಲುಕಡ್ಡಿ ಚುಚ್ಚಿಟ್ಟರೆ ಸಾಕು. ಅಲ್ಯೂಮಿನಿಯಂ ಮುಚ್ಚಳವಾಗಿದ್ದರೆ ಬೆಸುಗೆ ಹಿಡಿಯದು. ಮರಳು ಕಾಗದದಲ್ಲಿ ಉಜ್ಜಿ, ಶಾಖ ತಡೆಯುವ ಲೋಹದ ಎಪಾಕ್ಸಿ ಬಳಸಬೇಕು. ನಳಿಗೆಯಿಂದ 180 ಮಿ.ಮೀ. ಪೆಟ್ರೋಲ್ ಪೈಪ್ ಫೈರ್‌ವಾಲ್ ದಾಟಿ ಒಡಲಿನೊಳಗೆ ಹೋಗುತ್ತದೆ. ತುದಿಯಲ್ಲಿ ಧೂಳಿಗೆ ಚಿಕ್ಕ ಸ್ಪಾಂಜ್ ತುಂಡು. ತುದಿ ಇರಬೇಕಾದದ್ದು ಕಾರ್ಬಿನ ಬಾಯಿ ಉಸಿರಾಡುವ ಗಾಳಿಯಲ್ಲೇ, ಆದರೆ ಬ್ಯಾಟರಿ ತಣಿಸಲು ಗಾಳಿ ನುಗ್ಗುವ ದಾರಿಗೆ ಎದುರಾಗಿ ಅಲ್ಲ. ಫೈರ್‌ವಾಲಿನ ಉಳಿದ ಬಿರುಕು ತೂತುಗಳನ್ನೆಲ್ಲ ಅಲ್ಯೂಮಿನಿಯಂ ಟೇಪಿನಿಂದ ಮುಚ್ಚಲಾಯಿತು. ಇಲ್ಲದಿದ್ದರೆ ಕೌಲಿನ ಗಾಳಿ ಒಡಲಿಗೂ ನುಗ್ಗಿ, ಕಟ್ಟಿದ ಪೈಪಿಗೆ ಅರ್ಥವೇ ಇರದು.

ಆಮೇಲೆ ಬ್ಯಾಫಲ್. 2 ಮಿ.ಮೀ. ಲೈಟ್‌ಪ್ಲೈನಲ್ಲಿ ಎರಡೂ ಕೆನ್ನೆಗಳ ಹಿಂದೆ ಗೋಡೆ ಕಟ್ಟಿ, ಸಿಲಿಂಡರಿನ ಎದುರು ಮಾತ್ರ 42 ಚದರ ಸೆಂ.ಮೀ. ಬಾಯಿ ಬಿಡಲಾಯಿತು. ಗೋಡೆಯ ಅಂಚು ಸಿಲಿಂಡರಿನ ರೆಕ್ಕೆಗಳಿಂದ 6 ಮಿ.ಮೀ. ದೂರ, ಅದಕ್ಕಿಂತ ಹತ್ತಿರ ತಂದರೆ ಎಂಜಿನ್ ಅದುರಿದಾಗ ಉಜ್ಜುತ್ತದೆ, 10 ದಾಟಿದರೆ ಗಾಳಿ ಸುಲಭದ ದಾರಿ ಹಿಡಿದು ಜಾರಿಕೊಳ್ಳುತ್ತದೆ. ಕೆಳಗಿನ ಕಿಂಡಿಯನ್ನು ಹಿಂದಕ್ಕೆ ಕೊರೆದು, ನಳಿಗೆಗಳ ಜಾಗ ಕಳೆದು ನಿವ್ವಳ 135 ಚದರ ಸೆಂ.ಮೀ. ಮಾಡಿ, ಕಿಂಡಿಯ ಮುಂದಿನ ಅಂಚಿಗೆ 20 ಮಿ.ಮೀ. ಎತ್ತರದ ಓರೆ ತುಟಿ ಅಂಟಿಸಲಾಯಿತು. ತುಟಿಯ ಹಿಂದೆ ಗಾಳಿ ಸೀಳಿ ಒತ್ತಡ ಇಳಿಯುವುದರಿಂದ ಒಳಗಿನ ಬಿಸಿ ಗಾಳಿ ಹೊರಗೆ ಎಳೆಯಲ್ಪಡುತ್ತದೆ. ಮುಂದಿನ ಬಾಯಿ ಅರ್ಧಕ್ಕಿಂತ ಕಡಿಮೆಯಾಗಿ ಎಂಜಿನ್ ಹೆಚ್ಚು ತಣ್ಣಗಿರುತ್ತದೆ ಎಂದರೆ ನಂಬದವರೇ ಹೆಚ್ಚು. ಪ್ಲಗ್ ಕೆಳಗಿನ ವಾಷರ್ ಸೆನ್ಸರ್ ಮಾತ್ರ ಅದನ್ನೇ ಹೇಳಿತು. ಆರು ನಿಮಿಷದ ಅದೇ ಸರಣಿ, ಎರಡು ಹೋವರ್ ಸೇರಿ: ಮೊದಲು 214 ಡಿಗ್ರಿ, ಆಮೇಲೆ 171.

ಕೊನೆಗೆ ನೀಡಲ್. ಎರಡನ್ನೂ ಒಂದೂಮುಕ್ಕಾಲು ಸುತ್ತಿಗೆ ತೆರೆದು ಹೊಸದಾಗಿ ಶುರು. ಎಲ್ ಮೊದಲು: ಐಡಲಿನಿಂದ ತಟ್ಟನೆ ಥ್ರಾಟಲ್ ಕೊಟ್ಟರೆ ತಡವರಿಸದೆ ಏರುವ ಜಾಗದಿಂದ ಸ್ವಲ್ಪ ರಿಚ್ ಕಡೆಗೆ. ಎಲ್ ನೀಡಲಿನ ಇಂಧನ ಪೂರ್ತಿ ಥ್ರಾಟಲಿನಲ್ಲೂ ಸೇರಿಕೊಳ್ಳುವುದರಿಂದ ಎಚ್ ಮೊದಲು ಮಾಡಿದರೆ ಎರಡೆರಡು ಸಲ ಮಾಡಬೇಕಾಗುತ್ತದೆ. ಮಧ್ಯದ ಥ್ರಾಟಲ್ ಬಹುಪಾಲು ಎಲ್ ಕೈಯಲ್ಲಿರುತ್ತದೆ. ಅಲ್ಲಿನ ಬುಳುಬುಳುವಿಗೆ ಎಚ್ ಮುಚ್ಚುವುದು ಎಂಜಿನ್ ಕೊಲ್ಲುವ ಹಳೆಯ ಅಭ್ಯಾಸ. ಆಮೇಲೆ ಬಿಸಿ ಎಂಜಿನಿನಲ್ಲಿ ಎಚ್: ಆರ್‌ಪಿಎಂ ತುದಿ ಮುಟ್ಟುವವರೆಗೆ ಒಳಗೆ, ಅಲ್ಲಿಂದ 150 ಇಳಿಯುವಷ್ಟು ಹೊರಗೆ. ಸಿಕ್ಕಿದ್ದು ಎಲ್ ಒಂದೂವರೆ ಸುತ್ತು, ಎಚ್ ಒಂದೂಮುಕ್ಕಾಲಿಗೆ ಕೂದಲೆಳೆ ಕಡಿಮೆ. ಸಣ್ಣ ವಿಮಾನಗಳಲ್ಲಿ ಮಾಡುವಂತೆ ಮೂತಿ ಮೇಲೆತ್ತಿ ಹಿಡಿದು ಪರೀಕ್ಷಿಸುವುದು ಇಲ್ಲಿ ಬೇಡ. 11 ಕಿಲೋ ಎಳೆಯುವ ಪ್ರೊಪೆಲ್ಲರ್ ಕೈಜಾರಿದರೆ ಆಗುವುದನ್ನು ಸರಿಪಡಿಸಲು ಕಿಟ್ ಸಿಗುವುದಿಲ್ಲ. ಟೆಲಿಮೆಟ್ರಿಯ ಆರ್‌ಪಿಎಂ ದಾಖಲೆ ಅದೇ ಉತ್ತರವನ್ನು ಆಕಾಶದಿಂದ ಕೊಡುತ್ತದೆ.

ಕೊಟ್ಟದ್ದು ಹೀಗೆ. ಮೊದಲು ಹೋವರ್ ನಂತರದ ನೇರ ಏರಿಕೆಯಲ್ಲಿ 6,900ರಿಂದ ನಾಲ್ಕು ಸೆಕೆಂಡಿನಲ್ಲಿ 6,250ಕ್ಕೆ ಜಾರುತ್ತಿತ್ತು. ಸರಿಪಡಿಸಿದ ಮೇಲೆ ಅದೇ ಏರಿಕೆ 6,850ರಿಂದ 6,700ಕ್ಕೆ ಬಂದು ನಿಂತಿತು. ವೇಗ ಕಳೆದಾಗ ಪ್ರೊಪೆಲ್ಲರಿನ ಹೊರೆ ಏರುವುದರಿಂದ ಅಷ್ಟು ಇಳಿತ ಸಹಜ. ವೇಗದಲ್ಲಿ ಬುಳುಬುಳು ಇಲ್ಲ. ಕೌಲಿನ ಒತ್ತಡ ಈಗ ಒಡಲಿಗಿಂತ 60 ಪ್ಯಾಸ್ಕಲ್ ಕಡಿಮೆ, ಆದರೆ ಡಯಾಫ್ರಂಗೆ ಅದರ ಅರಿವೇ ಇಲ್ಲ.

ಉಳಿದದ್ದು ಆ ಶೇ. 10ರ ಎಳೆತ. 24x8 ಹಾಕಿ ನೋಡೋಣವೆಂಬ ಸಲಹೆ ಬಂತು. ವ್ಯಾಸ ಶೇ. 4 ಹೆಚ್ಚಿದರೆ, ಎಂಜಿನ್ ಬಲ ಅಷ್ಟೇ ಇದ್ದ ಪಕ್ಷದಲ್ಲಿ, ಎಳೆತ ಶೇ. 3ರಷ್ಟು ಏರಬೇಕು. ಆದರೆ ಆರ್‌ಪಿಎಂ 6,150ರ ಹತ್ತಿರ ಇಳಿಯುತ್ತದೆ, ಅಲ್ಲಿ ಈ ಎಂಜಿನಿನ ಬಲವೂ ಕಡಿಮೆ, ಲಾಭ ಅಲ್ಲಿಗಲ್ಲಿಗೆ. 23x8 ಹಾಗೇ ಉಳಿಯಿತು. ಎರಡು ಭಾರದ ಬ್ಯಾಟರಿಗಳನ್ನು ಹಗುರವಾದವಕ್ಕೆ ಬದಲಿಸಿ, ಪ್ರೊಪೆಲ್ಲರಿನ ನಡುವೆ ಕೂರುವ ಲೋಹದ ಮೊನೆ (ಸ್ಪಿನ್ನರ್) ತೆಗೆದು ಕಾರ್ಬನ್ನಿನದು ಹಾಕಿ 310 ಗ್ರಾಂ ಇಳಿಸಿದ್ದು ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಮೂತಿ ಹಗುರಾದ್ದರಿಂದ ಗುರುತ್ವಕೇಂದ್ರ ಹಿಂದೆ ಸರಿದಿತ್ತು. ಇಗ್ನಿಷನ್ ಬ್ಯಾಟರಿಯನ್ನು ಮುಂದಿನ ಪೆಟ್ಟಿಗೆಗೆ ತಂದು ಅದನ್ನು ಸರಿಮಾಡಲಾಯಿತು.

ಹಾರಾಟ ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಐಡಲಿನಲ್ಲಿ ಓಡಿಸಿ ಕಾರ್ಬ್ ಬರಿದು ಮಾಡುವುದು ಈಗ ಪಟ್ಟಿಯಲ್ಲಿದೆ. ಮಳೆಗಾಲದಲ್ಲಿ ಅರ್ಧ ತುಂಬಿದ ಕ್ಯಾನಿನ ಎಥನಾಲ್ ಗಾಳಿಯ ನೀರು ಹೀರುತ್ತದೆ. ಒಂದು ತಿಂಗಳು ದಾಟಿದ ಮಿಶ್ರಣ ಸ್ಕೂಟರಿಗೂ ಬೇಡ. ಇನ್ನು ಡಿಸೆಂಬರ್ ಬೆಳಗ್ಗೆ 16 ಡಿಗ್ರಿಯಲ್ಲಿ ಗಾಳಿ ಏಪ್ರಿಲ್ ಮಧ್ಯಾಹ್ನಕ್ಕಿಂತ ಶೇ. 6ರಷ್ಟು ದಟ್ಟ, ಅಂದರೆ ಮಿಶ್ರಣ ಶೇ. 3ರಷ್ಟು ಲೀನ್. ಈ ವಿಮಾನದ ಎಚ್ ನೀಡಲ್ ಪಕ್ಕದಲ್ಲಿ ಕೌಲಿನ ಮೇಲೆ ಎರಡು ಗೀಟು ಎಳೆದಿದೆ: ಬೇಸಿಗೆಯದ್ದು ಒಂದು, ಚಳಿಗಾಲದ್ದು ಅದಕ್ಕಿಂತ ಹದಿನಾರನೇ ಒಂದು ಸುತ್ತು ಹೊರಗೆ.